ನೌಗಾಂವಿನ ಗಾಂಜಾ ಡಾಕ್ಟರು



ಬಾಲ್ಕನಿ ಕೈತೋಟದ ಬಗ್ಗೆ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಮಾತಾಡಿದ ಮಾರನೆಯ ದಿನ ಒಂದು ಫೋನ್ ಬಂತು. ಧಾರವಾಡದ ಕಡೆಯ ತಾಯಿ. ಮದುವೆಯಾಗಿ ಮುಂಬಯಿಗೆ ಬಂದು ಮೂವತ್ತು ವರ್ಷವಾದರೂ ಮಾತಿನಲ್ಲಿ ಊರು ಹಾಗೇ ಉಳಿದಿದೆ. "ಸರ, ನಿಮಗ ಒಂದು ಮಾತು ಕೇಳಬೇಕಾಗಿತ್ತು. ರೇಡಿಯೋದಾಗ ನನ್ನ ಹೆಸರು ಹೇಳಬ್ಯಾಡ್ರಿ ಮತ್ತ" ಎಂದೇ ಶುರು ಮಾಡಿದರು. ಕಾಲೇಜಿಗೆ ಹೋಗುವ ಮಗ ಬಾಲ್ಕನಿಯ ಕುಂಡದಲ್ಲಿ ಒಂದು ಗಿಡ ಬೆಳೆಸಿದ್ದಾನೆ. ತುದಿ ಚಿವುಟುತ್ತಾನೆ, ಟೊಂಗೆಗಳಿಗೆ ದಾರ ಕಟ್ಟಿ ಕುಂಡದ ಅಂಚಿಗೆ ಬಗ್ಗಿಸುತ್ತಾನೆ, ದಿನಕ್ಕೆರಡು ಸಲ ನೋಡುತ್ತಾನೆ. ಮನೆಯ ತುಳಸಿಗೆ ಒಂದು ತಂಬಿಗೆ ನೀರು ಹಾಕದ ಹುಡುಗ! "ನಾನೂ ಮೂರು ತಿಂಗಳು ನೀರು ಹಾಕೀನ್ರಿ. ಶೇವಂತಿಗಿ ಜಾತಿ ಅಂತ ಮಾಡಿದ್ದೆ. ಮ್ಯಾಲಿನ ಮನಿಯವರು ನೋಡಿ ನಕ್ಕಾಗ ಗೊತ್ತಾತು."

ಅದು ಗಾಂಜಾ ಗಿಡ.

ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ. "ನಮ್ಮ ಅಜ್ಜಾರು ಎತ್ತಿಗೆ ಆರಾಮ ಇಲ್ಲಂದ್ರ ಭಂಗಿ ಸೊಪ್ಪು ಅರದು ಕುಡಸತಿದ್ರು. ಸರಕಾರದ ಅಂಗಡ್ಯಾಗ ಗಾಂಜಾ ಸಿಗತಿತ್ತು ಅಂತಿದ್ರು. ಆಗ ನಡೀತಿತ್ತು, ಈಗ್ಯಾಕ ತಪ್ಪು? ಇವನೂ ಹಿಂಗs ವಾದ ಮಾಡತಾನ, ನನಗ ಉತ್ತರ ಬರೂದಿಲ್ಲ."

ಐದು ನಿಮಿಷದ ಫೋನಿನಲ್ಲಿ ಮುಗಿಯುವ ಉತ್ತರ ಇದಲ್ಲ. ಆದ್ದರಿಂದ ಈ ಸಂಚಿಕೆಯ ಇತಿಹಾಸದ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಗಿಡ ಬೆಳೆಸುವುದನ್ನು ಕಲಿಸುವ ಲೇಖನ ಇದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆ ಹುಡುಗ ಹೊಸದೆಂದು ತಿಳಿದು ಮಾಡುತ್ತಿರುವ ಕಸುಬನ್ನು ನೂರೈವತ್ತು ವರ್ಷದ ಹಿಂದೆ ಸರ್ಕಾರದ ಕಣ್ಗಾವಲಿನಲ್ಲೇ ಮಾಡುತ್ತಿದ್ದ ಒಂದು ಊರಿನ ಕಥೆ ಇದು.

ಊರಿನ ಹೆಸರು ನೌಗಾಂವ್. ಇಂದಿನ ಬಾಂಗ್ಲಾದೇಶದ ವಾಯವ್ಯ ಭಾಗದಲ್ಲಿ ಪುಟ್ಟ ಜಮುನಾ ನದಿಯ ದಂಡೆಯ ಮೇಲಿದೆ. ಬ್ರಿಟಿಷರ ಕಾಲದಲ್ಲಿ ಅದು ಬಂಗಾಳದ ರಾಜಶಾಹಿ ಜಿಲ್ಲೆಗೆ ಸೇರಿತ್ತು. ರಾಜಶಾಹಿ, ದಿನಾಜಪುರ, ಬೋಗ್ರಾ ಎಂಬ ಮೂರು ಜಿಲ್ಲೆಗಳು ಕೂಡುವ ಜಾಗದ ಸುತ್ತಮುತ್ತಲ ಹಳ್ಳಿಗಳನ್ನು 'ಗಾಂಜಾ ಮಹಲ್' ಎಂದು ಕರೆಯುತ್ತಿದ್ದರು. ಮಹಲ್ ಎಂದರೆ ಇಲ್ಲಿ ಅರಮನೆ ಅಲ್ಲ, ಕಂದಾಯದ ಪ್ರದೇಶ. ಬಂಗಾಳ ಪ್ರಾಂತಕ್ಕೆ ಬೇಕಾದ ಗಾಂಜಾ ಬಹುಮಟ್ಟಿಗೆ ಬರುತ್ತಿದ್ದುದು ಈ ತುಂಡು ನೆಲದಿಂದ. ಬೇರೆ ಪ್ರಾಂತಗಳಲ್ಲೂ ಇಂಥ ಕೇಂದ್ರಗಳಿದ್ದವು. ಮಧ್ಯಪ್ರಾಂತದಲ್ಲಿ ಖಂಡ್ವಾ, ಮುಂಬಯಿ ಪ್ರಾಂತದಲ್ಲಿ ಅಹಮದ್‌ನಗರದ ಕಡೆ, ಮದ್ರಾಸ್ ಪ್ರಾಂತದಲ್ಲಿ ಕೃಷ್ಣಾ ಜಿಲ್ಲೆಯ ಬಾಪಟ್ಲ ಸೀಮೆ. ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿರುವ ನಮ್ಮ ಓದುಗರು ಬಸ್ಸಿನಲ್ಲೋ ರೈಲಿನಲ್ಲೋ ಈ ನೆಲಗಳ ಮೇಲೆ ಎಷ್ಟೋ ಸಲ ಹಾದುಹೋಗಿದ್ದಾರೆ. ಆದರೆ ನೌಗಾಂವಿನ ಹಾಗೆ ಲೆಕ್ಕಪತ್ರ ಇಟ್ಟು, ಬೇಲಿ ಹಾಕಿ, ಬೀಗ ಜಡಿದು ಬೆಳೆಸಿದ ಕಡೆ ಇನ್ನೊಂದಿರಲಿಲ್ಲ.

ನಮಗೆ ಇಷ್ಟು ವಿವರ ಸಿಗುವುದು ಇಬ್ಬರ ದೆಸೆಯಿಂದ. 1877ರಲ್ಲಿ ಹೇಮಚಂದ್ರ ಕರ್ ಎಂಬ ಬಂಗಾಳಿ ಡೆಪ್ಯುಟಿ ಕಲೆಕ್ಟರು ಬಂಗಾಳದ ಗಾಂಜಾ ಬೇಸಾಯ ಮತ್ತು ವ್ಯಾಪಾರದ ಬಗ್ಗೆ ದೊಡ್ಡ ವರದಿ ಬರೆದರು. 1893ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ಡೇವಿಡ್ ಪ್ರೇನ್ ಎಂಬ ಸಸ್ಯಶಾಸ್ತ್ರಜ್ಞ ಇನ್ನೊಂದು ಬರೆದ. ಈತನೇ ಮುಂದೆ ಲಂಡನ್ನಿನ ಕ್ಯೂ ಉದ್ಯಾನದ ನಿರ್ದೇಶಕನಾದವನು. ಅಧಿಕಾರಿಗಳ ವರದಿ ಎಂದರೆ ಒಣ ಸಂಗತಿ ಎಂದು ನಾವು ಮೂಗು ಮುರಿಯುತ್ತೇವೆ. ನೌಗಾಂವಿನ ರೈತ ತನ್ನ ಹೊಲದಲ್ಲಿ ಏನು ಮಾಡುತ್ತಿದ್ದ ಎನ್ನುವುದು ಉಳಿದಿರುವುದೇ ಆ ಒಣ ಕಾಗದಗಳಲ್ಲಿ. ರೈತ ತಾನಾಗಿ ಏನನ್ನೂ ಬರೆದಿಡಲಿಲ್ಲ.

ಹೊಲದ ಕೆಲಸ ಮಗು ಸಾಕಿದ ಹಾಗೆ ಇತ್ತು. ಬೇಸಿಗೆಯಿಂದಲೇ ಉಳುಮೆ, ಮೇಲಿಂದ ಮೇಲೆ ಉಳುಮೆ. ಸಗಣಿ ಗೊಬ್ಬರ, ಹಿಂಡಿ. ಆಗಸ್ಟಿನಲ್ಲಿ ಬೇರೆ ಕಡೆ ಮಡಿಯಲ್ಲಿ ಬೀಜ ಚೆಲ್ಲುವುದು. ಸೆಪ್ಟೆಂಬರಿನಲ್ಲಿ ಸಸಿ ಕಿತ್ತು ಏರಿಯ ಮೇಲೆ ನಾಟಿ. ನವೆಂಬರಿನಲ್ಲಿ ಬುಡದ ಟೊಂಗೆಗಳನ್ನು ಸವರಿ, ಗಿಡ ಮೇಲ್ಮುಖವಾಗಿ ಹೋಗಲು ಬಿಟ್ಟು, ಏರಿಗೆ ಮತ್ತೆ ಮಣ್ಣು ಕೊಡುವುದು. ಬಾಲ್ಕನಿಯ ಹುಡುಗ ದಾರ ಕಟ್ಟುತ್ತಾನೆ, ನೌಗಾಂವಿನವನು ಕುಡುಗೋಲು ಹಿಡಿಯುತ್ತಿದ್ದ. ಗಿಡಕ್ಕೆ ತನ್ನಿಷ್ಟದ ಆಕಾರ ತೆಗೆದುಕೊಳ್ಳಲು ಬಿಡಬಾರದು ಎನ್ನುವುದು ಇಬ್ಬರಿಗೂ ಗೊತ್ತು.

ಇಷ್ಟಾದ ಮೇಲೆ ಊರಿಗೆ ಒಬ್ಬ ಮನುಷ್ಯ ಬರುತ್ತಿದ್ದ. ಅವನನ್ನು ಪೋದ್ದಾರ್ ಅಥವಾ ಪರಖ್‌ದಾರ್ ಎನ್ನುತ್ತಿದ್ದರು. ಇಂಗ್ಲಿಷರು ತಮ್ಮ ಕಡತಗಳಲ್ಲಿ ಅವನಿಗೆ ಇಟ್ಟ ಹೆಸರು 'ಗಾಂಜಾ ಡಾಕ್ಟರ್'.

ಪೋದ್ದಾರ್ ಎಂದ ಕೂಡಲೇ ಮುಂಬಯಿಯವರಿಗೆ ಪೋದಾರ್ ಕಾಲೇಜು ನೆನಪಾಗುತ್ತದೆ, ಬೆಳಗಾವಿ ಕಡೆಯವರಿಗೆ ಪೋತದಾರ ಎಂಬ ಅಡ್ಡಹೆಸರು. ಎಲ್ಲ ಒಂದೇ ಬಳಗದ ಮಾತು. ಖಜಾನೆಯಲ್ಲಿ ಕೂತು ನಾಣ್ಯ ಸಾಚಾ ಹೌದೋ ಖೋಟಾ ಹೌದೋ ಎಂದು ಪರೀಕ್ಷಿಸುವವನು ಪೋತದಾರ. ಪರಖ್ ಎಂದರೂ ಪರೀಕ್ಷೆಯೇ. ನೌಗಾಂವಿನ ಪರಖ್‌ದಾರ ಪರೀಕ್ಷಿಸುತ್ತಿದ್ದುದು ಗಿಡ ಗಂಡೋ ಹೆಣ್ಣೋ ಎಂದು.

ಇದರ ಒಳಗುಟ್ಟು ಸ್ವಲ್ಪ ಹೇಳಬೇಕು. ಊರಿನ ಹಿತ್ತಲಲ್ಲಿ ಪರಂಗಿ ಗಿಡ ನೋಡಿದವರಿಗೆ ಸುಲಭವಾಗಿ ತಿಳಿಯುತ್ತದೆ. ಪರಂಗಿಯಲ್ಲಿ ಕೆಲವು ಗಿಡ ಗಂಡು, ಕೆಲವು ಹೆಣ್ಣು. ಗಂಡು ಗಿಡ ಉದ್ದ ಜಾಲರಿಯಂಥ ಹೂ ಬಿಟ್ಟುಕೊಂಡು ನಿಂತಿರುತ್ತದೆ, ಹಣ್ಣು ಕೊಡುವುದಿಲ್ಲ, ಅಜ್ಜಿ ಅದನ್ನು ಕಡಿಸಿಹಾಕುತ್ತಾಳೆ. ಗಾಂಜಾದಲ್ಲೂ ಗಂಡು ಹೆಣ್ಣು ಬೇರೆ ಬೇರೆ. ಗಂಡು ಗಿಡದ ಪರಾಗ ಗಾಳಿಯಲ್ಲಿ ಹಾರಿ ಹೆಣ್ಣಿನ ಹೂವಿಗೆ ತಗುಲಿತೆಂದರೆ ಹೆಣ್ಣು ಗಿಡ ಬೀಜ ಕಟ್ಟುವ ಕೆಲಸಕ್ಕೆ ಇಳಿಯುತ್ತದೆ. ಪರಾಗ ಸಿಗದಿದ್ದರೆ? ಕಾಯುತ್ತದೆ. ಹೂವಿನ ಮೇಲೆ ಹೂ ಬಿಡುತ್ತ, ಅಂಟು ರಾಳ ಸುರಿಸುತ್ತ ಕಾಯುತ್ತದೆ. ಆ ರಾಳ ತುಂಬಿದ ಹೂಗೊಂಚಲೇ ಗಾಂಜಾ. ಎಂದರೆ ಒಳ್ಳೆಯ ಗಾಂಜಾ ಎನ್ನುವುದು ಬಸಿರಾಗದ ಗಿಡದ ಫಸಲು. 1970ರ ದಶಕದಲ್ಲಿ ಅಮೆರಿಕದ ಬೆಳೆಗಾರರು ಇದನ್ನೇ ಸ್ಪ್ಯಾನಿಷ್ ಮಾತಿನಲ್ಲಿ 'ಸಿನ್ಸೆಮಿಲ್ಲಾ', ಬೀಜವಿಲ್ಲದ್ದು, ಎಂದು ಕರೆದು ದೊಡ್ಡ ಆವಿಷ್ಕಾರ ಮಾಡಿದವರಂತೆ ಬೀಗಿದರು. ಅದಕ್ಕೂ ಸುಮಾರು ನೂರು ವರ್ಷ ಮುಂಚೆಯೇ ನಮ್ಮ ಹೇಮಚಂದ್ರ ಕರ್ ಅವರ ವರದಿ ಅಚ್ಚಾಗಿತ್ತು.

ಕಷ್ಟವೆಲ್ಲ ಇದ್ದದ್ದು ಹೊತ್ತು ನೋಡುವುದರಲ್ಲಿ. ಗಂಡು ಹೂ ಅರಳಿ ಪರಾಗ ಹಾರಿದ ಮೇಲೆ ಗುರುತು ಹಿಡಿದು ಪ್ರಯೋಜನವಿಲ್ಲ. ಅರಳುವ ಮುಂಚೆ, ಎಲೆಯ ಕಂಕುಳಲ್ಲಿ ಸಣ್ಣ ಮೊಗ್ಗು ಇಣುಕುವಾಗಲೇ ಹೇಳಬೇಕು. ಸಾಮಾನ್ಯ ರೈತನಿಗೆ ಆ ಕಣ್ಣಿರಲಿಲ್ಲ. ಪೋದ್ದಾರ್ ಸಾಲು ಸಾಲಾಗಿ ನಡೆದು, ಒಂದೊಂದೇ ಗಿಡ ನೋಡುತ್ತ, ಗಂಡು ಎನಿಸಿದ್ದನ್ನು ಅಲ್ಲೇ ಮುರಿದು ಮುಂದೆ ಹೋಗುತ್ತಿದ್ದ. ಹಿಂದೆ ರೈತ ಅದನ್ನು ಕಿತ್ತು ಎಸೆಯುತ್ತಿದ್ದ. ಒಂದು ಸಲಕ್ಕೆ ಮುಗಿಯುತ್ತಿರಲಿಲ್ಲ, ಮತ್ತೆ ಮತ್ತೆ ನೋಡಬೇಕು. ಕಣ್ತಪ್ಪಿ ಉಳಿದ ಕೆಲವೇ ಗಂಡು ಗಿಡಗಳು ಹೊಲವನ್ನೇ ಕೆಡಿಸಬಲ್ಲವು. ಗಾಳಿಗೆ ಬದುವಿನ ಹಂಗಿಲ್ಲವಲ್ಲ, ಪಕ್ಕದ ಹೊಲದವನು ಅಸಡ್ಡೆ ಮಾಡಿದರೆ ನಿಮ್ಮ ಬೆಳೆಯೂ ಹೋಯಿತು. ಹೀಗಾಗಿ ಡಾಕ್ಟರನನ್ನು ಕರೆಸುವುದು ಒಬ್ಬ ರೈತನ ಸ್ವಂತ ವಿಷಯವಾಗಿ ಉಳಿಯುತ್ತಿರಲಿಲ್ಲ, ಊರಿನ ವಿಷಯವಾಗುತ್ತಿತ್ತು.

ಗಂಡು ಹೆಣ್ಣಿನ ಗೊಂದಲ ನಮ್ಮ ದೇಶದ್ದಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ ನಾರಿಗಾಗಿ ಇದೇ ಜಾತಿಯ ಗಿಡ ಬೆಳೆಯುತ್ತಿದ್ದ ಹಳ್ಳಿಗರು ದೊಡ್ಡದಾಗಿ, ಗಟ್ಟಿಮುಟ್ಟಾಗಿ ಬೀಜ ಕಟ್ಟುವುದನ್ನು ಗಂಡೆಂದೂ, ಸಪೂರವಾಗಿ ಬೇಗ ಬಾಡುವುದನ್ನು ಹೆಣ್ಣೆಂದೂ ಕರೆಯುತ್ತಿದ್ದರು. ನಿಜ ತದ್ವಿರುದ್ಧ. ಗಟ್ಟಿ ಇದ್ದದ್ದೆಲ್ಲ ಗಂಡು ಎನ್ನುವ ಭ್ರಮೆ ಎಲ್ಲ ದೇಶದ ಯಜಮಾನರಿಗೂ ಇತ್ತೆಂದು ಕಾಣುತ್ತದೆ.

ಹೊತ್ತಿನ ಮಾತು ಬಂದದ್ದರಿಂದ ಇನ್ನೊಂದು. ಆಗಸ್ಟಿನಲ್ಲಿ ಬಿತ್ತಿದರೆ ಹೂವು ಬರುವ ಹೊತ್ತಿಗೆ ಹಗಲು ಮೊಟಕಾಗಿರುತ್ತದೆ. ಈ ಗಿಡ ಹಗಲು ಚಿಕ್ಕದಾದಾಗಲೇ ಹೂ ಬಿಡುವಂಥದು. ನೌಗಾಂವಿನವರಿಗೆ ಇದು ರೂಢಿಯಿಂದ ಗೊತ್ತಿತ್ತು. ವಿಜ್ಞಾನಕ್ಕೆ ಗೊತ್ತಾದದ್ದು 1912ರ ಸುಮಾರಿಗೆ. ಪ್ಯಾರಿಸ್ಸಿನಲ್ಲಿ ಜೂಲಿಯನ್ ಟೂರ್ನ್ವಾ ಎಂಬ ತರುಣ ಇದೇ ಜಾತಿಯ ಗಿಡಗಳಿಗೆ ಬೆಳಕಿನ ಗಂಟೆಗಳನ್ನು ಕಡಿಮೆ ಮಾಡಿ, ಅವು ಅವಧಿಗೆ ಮುಂಚೆ ಹೂ ಬಿಡುವುದನ್ನು ಕಂಡ. ಅವನ ಬರಹ ಅಚ್ಚಾದ ಕೆಲಕಾಲಕ್ಕೇ ಮೊದಲ ಮಹಾಯುದ್ಧ ಅವನನ್ನು ತಿಂದುಹಾಕಿತು. ನಮ್ಮಲ್ಲಿ ಈ ಗುಟ್ಟನ್ನು ಸೇವಂತಿಗೆಯವರು ಚೆನ್ನಾಗಿ ಬಲ್ಲರು. ರಾತ್ರಿ ಹೊತ್ತು ಚಿಕ್ಕಬಳ್ಳಾಪುರದ ಕಡೆ ಹೋದರೆ ಹೊಲದ ತುಂಬ ಬಲ್ಬು ಉರಿಯುವುದು ಕಾಣುತ್ತದೆ. ಅದು ಮದುವೆಯ ಅಲಂಕಾರವಲ್ಲ, ಸೇವಂತಿಗೆಗೆ ಇನ್ನೂ ಹಗಲೆಂದು ನಂಬಿಸಿ ಹೂವನ್ನು ಮುಂದಕ್ಕೆ ಹಾಕುವ ಉಪಾಯ. ಆ ತಾಯಿ ತಮ್ಮ ಮಗನ ಗಿಡವನ್ನು ಸೇವಂತಿಗೆ ಜಾತಿ ಎಂದುಕೊಂಡದ್ದು ತಪ್ಪಾದರೂ ಪೂರ್ತಿ ತಪ್ಪಲ್ಲ. ತುದಿ ಚಿವುಟಿಸಿಕೊಳ್ಳುವುದರಲ್ಲಿ, ಹಗಲಿಗೆ ಮೋಸಹೋಗುವುದರಲ್ಲಿ ಇವೆರಡೂ ಅಕ್ಕತಂಗಿಯರೇ.

ಫೆಬ್ರವರಿ ಮಾರ್ಚಿನ ಹೊತ್ತಿಗೆ ಕೊಯ್ಲು. ಕೊಯ್ದದ್ದನ್ನು ಕಣಕ್ಕೆ ತಂದು ಒಣಗಿಸಿ, ಕಾಲಿನಿಂದ ತುಳಿದು ಚಪ್ಪಟೆ ಮಾಡಿದರೆ ಅದು ಚಪ್ಪಟೆ ಗಾಂಜಾ. ಹೊರಳಿಸಿ ಸುರುಳಿ ಮಾಡಿದರೆ ದುಂಡು ಗಾಂಜಾ. ಕಡ್ಡಿಯಿಂದ ಉದುರಿದ ಹೂವಿನ ಚೂರು 'ಚೂರ್'. ಕಡ್ಡಿ ಕಡಿಮೆ ಇದ್ದಷ್ಟೂ ಸುಂಕ ಹೆಚ್ಚು.

ಇಲ್ಲಿಂದ ಸರ್ಕಾರದ ಬೀಗದ ಕಥೆ. ಯಾರು ಬೆಳೆಯಬೇಕು, ಎಷ್ಟು ನೆಲದಲ್ಲಿ ಬೆಳೆಯಬೇಕು ಎನ್ನುವುದಕ್ಕೆ ಪರವಾನಗಿ. ಅಬಕಾರಿ ಸಿಬ್ಬಂದಿ ಹೊಲ ಅಳೆಯುತ್ತಿದ್ದರು, ಕಣಕ್ಕೆ ಕಾವಲು ಹಾಕುತ್ತಿದ್ದರು. ಒಣಗಿದ ಮಾಲೆಲ್ಲ ನೌಗಾಂವಿನ ಸರ್ಕಾರಿ ಗೋದಾಮಿಗೆ ಹೋಗಬೇಕು, ಅದಕ್ಕೆ 'ಗೋಲಾ' ಎನ್ನುತ್ತಿದ್ದರು. ಕಸಕಡ್ಡಿಯನ್ನೂ ಅಧಿಕಾರಿಗಳ ಎದುರೇ ಸುಡಬೇಕು. ಅಲ್ಲಿಂದ ಸುಂಕ ಕಟ್ಟಿದ ಸಗಟು ವ್ಯಾಪಾರಿಗೆ, ಅವನಿಂದ ಪರವಾನಗಿ ಪಡೆದ ಅಂಗಡಿಗೆ. ಆ ತಾಯಿಯ ಅಜ್ಜ ಹೇಳಿದ ಸರ್ಕಾರಿ ಅಂಗಡಿ ಎಂದರೆ ಇಂಥದ್ದೇ, ಎಲ್ಲ ಪ್ರಾಂತಗಳಲ್ಲೂ ಅಬಕಾರಿ ಗುತ್ತಿಗೆಯ ಮೇಲೆ ನಡೆಯುತ್ತಿದ್ದ ಅಂಗಡಿ. ರೈತನ ಕೈಗೆ ಸಿಗುವ ಬೆಲೆಗಿಂತ ಸರ್ಕಾರ ಹಾಕುತ್ತಿದ್ದ ಸುಂಕ ಎಷ್ಟೋ ಪಟ್ಟು ಹೆಚ್ಚಿತ್ತು.

ಈಗ ಆ ಹುಡುಗನ ವಾದಕ್ಕೆ ಬರೋಣ. 'ಆಗ ನಡೆಯುತ್ತಿತ್ತು' ಎನ್ನುವ ಮಾತಿನಲ್ಲಿ ಅರ್ಧ ನಿಜವಿದೆ. ನೌಗಾಂವಿನ ರೈತನೂ ಮನೆಯ ಹಿತ್ತಲಲ್ಲಿ ಒಂದು ಗಿಡ ಇಟ್ಟುಕೊಳ್ಳುವಂತಿರಲಿಲ್ಲ. ಪರವಾನಗಿಯ ಹೊಲದಲ್ಲಿ ಎಕರೆಗಟ್ಟಲೆ ಬೆಳೆದರೆ ಸರ್ಕಾರದ ಮಿತ್ರ, ಮನೆಯಂಗಳದಲ್ಲಿ ನಾಲ್ಕು ಗಿಡ ಬೆಳೆದರೆ ಅಪರಾಧಿ. ಬಂಗಾಳದ ಬೇರೆ ಜಿಲ್ಲೆಗಳಲ್ಲಿ ಜನ ಗುಡಿಸಲ ಪಕ್ಕ ಒಂದೆರಡು ಗಿಡ ಹಾಕಿಕೊಳ್ಳುತ್ತಿದ್ದುದು ಅಬಕಾರಿಯವರಿಗೆ ದೊಡ್ಡ ತಲೆನೋವಾಗಿತ್ತು. ಮನೆಯ ಗಿಡ ಸುಂಕ ಕಟ್ಟುವುದಿಲ್ಲವಲ್ಲ! ಗಿಡ ಅದೇ, ಅಮಲೂ ಅದೇ. ಬ್ರಿಟಿಷ್ ಕಾನೂನು ಗಿಡವನ್ನು ನೋಡಿ ತೀರ್ಮಾನ ಮಾಡಲಿಲ್ಲ, ಅದು ಯಾರ ಬೀಗದೊಳಗಿದೆ ಎಂದು ನೋಡಿ ಮಾಡಿತು. ಹಳೆಯ ಕಾಲವನ್ನು ಸ್ವಾತಂತ್ರ್ಯದ ಕಾಲವೆಂದು ಬಣ್ಣಿಸುವವರು ಇದನ್ನು ಮರೆಯುತ್ತಾರೆ.

ಹಾಗಾದರೆ ಗಾಂಜಾ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ಕೇಳಲಿಲ್ಲವೆ? ಕೇಳಿದರು, ಜೋರಾಗಿಯೇ ಕೇಳಿದರು. ಮೊದಲು ವೈದ್ಯರ ಕಡೆಯಿಂದ. 1839ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕ ವಿಲಿಯಂ ಒ'ಶಾನೆಸಿ ಗಾಂಜಾದ ಔಷಧಗುಣಗಳ ಬಗ್ಗೆ ಪ್ರಬಂಧ ಬರೆದ. ಧನುರ್ವಾಯು, ಸಂಧಿವಾತ, ಕಾಲರಾ, ಎಳೆಗೂಸಿನ ಸೆಳವು, ಎಲ್ಲದರಲ್ಲೂ ಪ್ರಯೋಗ ಮಾಡಿ ನೋಡಿದ್ದ. ಯುರೋಪಿನ ಔಷಧದಂಗಡಿಗಳಿಗೆ ಗಾಂಜಾದ ಸತ್ವ ಹೋದದ್ದು ಅವನಿಂದಾಗಿ. ರೇಡಿಯೋದವನಾದ ನನಗೆ ಈ ಮನುಷ್ಯನ ಮೇಲೆ ಇನ್ನೊಂದು ಕಾರಣಕ್ಕೆ ಪ್ರೀತಿ. 1850ರ ದಶಕದಲ್ಲಿ ಭಾರತಕ್ಕೆ ತಂತಿ ಎಳೆಸಿ ಟೆಲಿಗ್ರಾಫ್ ತಂದವನೂ ಇವನೇ.

ಆಮೇಲೆ ರಾಜಕೀಯದ ಕಡೆಯಿಂದ. 1893ರ ಮಾರ್ಚಿನಲ್ಲಿ ಲಂಡನ್ನಿನ ಕಾಮನ್ಸ್ ಸಭೆಯಲ್ಲಿ ಡಬ್ಲ್ಯೂ. ಎಸ್. ಕೇನ್ ಎಂಬ ಪಾನನಿರೋಧವಾದಿ ಸದಸ್ಯ ಎದ್ದುನಿಂತು ಬಂಗಾಳದ ಗಾಂಜಾದ ಬಗ್ಗೆ ತನಿಖೆ ಆಗಬೇಕೆಂದ. ತನಿಖೆ ಇಡೀ ಬ್ರಿಟಿಷ್ ಭಾರತಕ್ಕೆ ಹಬ್ಬಿತು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯ ಏಳು ಜನರ ಆಯೋಗ, ಅದರಲ್ಲಿ ಮೂವರು ಭಾರತೀಯರು. ಎಪ್ಪತ್ತು ಪ್ರಶ್ನೆಗಳ ಪಟ್ಟಿ. 1193 ಸಾಕ್ಷಿಗಳು. ಬೈರಾಗಿಗಳು, ಡಾಕ್ಟರರು, ಜಮೀನ್ದಾರರು, ಅಂಗಡಿಯವರು, ಪಾದ್ರಿಗಳು. 1894ರಲ್ಲಿ ಏಳು ಸಂಪುಟಗಳ ವರದಿ ಬಂತು.

ಆ ವರದಿಯ ಒಂದು ಭಾಗವಂತೂ ಇಂದಿಗೂ ಓದಬೇಕಾದದ್ದು, ಹುಚ್ಚಾಸ್ಪತ್ರೆಗಳದು. ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಆಸ್ಪತ್ರೆಯ ದಾಖಲೆ ಪುಸ್ತಕಗಳೂ ಹಾಗೇ ಹೇಳುತ್ತಿದ್ದವು. ಆಯೋಗ 1892ರ ಒಂದು ವರ್ಷದ ದಾಖಲೆಗಳನ್ನು ತೆಗೆಸಿ ಒಂದೊಂದೇ ಪ್ರಕರಣದ ಬೆನ್ನುಹತ್ತಿತು. ಆ ವರ್ಷ ಸೇರಿದ 1344 ರೋಗಿಗಳಲ್ಲಿ 222 ಮಂದಿಯ ಹೆಸರಿನ ಮುಂದೆ 'ಕಾರಣ: ಗಾಂಜಾ, ಭಂಗಿ' ಇತ್ಯಾದಿ ಬರೆದಿತ್ತು. ಬರೆದವರು ಯಾರು? ಎಷ್ಟೋ ಸಲ ರೋಗಿಯನ್ನು ಹಿಡಿದುತಂದ ಪೊಲೀಸರು. ಫಾರಂನಲ್ಲಿ ಕಾರಣ ಎನ್ನುವ ಜಾಗ ಖಾಲಿ ಬಿಡಬಾರದು, ಊರಿನವರನ್ನು ಕೇಳಿದರೆ ಯಾರೋ ಸೇದುತ್ತಿದ್ದ ಎನ್ನುತ್ತಾರೆ, ಬರೆದರಾಯಿತು. ಮರುವಿಚಾರಣೆಯಲ್ಲಿ 222ರಲ್ಲಿ 98 ಮಾತ್ರ ಉಳಿದವು. ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದ ಸೇವನೆ ಕೆಡಿಸುತ್ತದೆ, ಪೂರ್ತಿ ನಿಷೇಧ ಬೇಕಿಲ್ಲ ಎಂದು ಆಯೋಗ ಹೇಳಿತು. ಭಾರತೀಯ ಸದಸ್ಯರಲ್ಲಿ ಇಬ್ಬರು ಇದನ್ನು ಪೂರ್ತಿ ಒಪ್ಪದೆ ಭಿನ್ನಮತ ಬರೆದರು. ಗಾಂಜಾ ಪರವಾಗಿ ಮಾತಾಡುವವರು ಈ ಭಿನ್ನಮತವನ್ನು ಎತ್ತುವುದಿಲ್ಲ. ಇನ್ನು, ಹಾಗೆ ಉಳಿದ 98 ಮಂದಿಯೂ ಮನುಷ್ಯರೇ, ಅವರಿಗೂ ತಾಯಂದಿರಿದ್ದರು.

ಅದೇ ವರದಿ ಹೇಳಿದ ಪರಿಹಾರವೇನು ಗೊತ್ತೆ? ಪರವಾನಗಿ ಇಲ್ಲದೆ ಯಾರೂ ಬೆಳೆಯಬಾರದು, ಸುಂಕ ತಕ್ಕಷ್ಟಿರಬೇಕು, ಅಂಗಡಿಗಳ ಸಂಖ್ಯೆಗೆ ಮಿತಿ ಇರಬೇಕು, ಒಬ್ಬನ ಬಳಿ ಇರಬಹುದಾದ ತೂಕಕ್ಕೂ ಮಿತಿ ಇರಬೇಕು. ಒಟ್ಟಿನಲ್ಲಿ ನೌಗಾಂವಿನ ಬೀಗವನ್ನು ದೇಶಕ್ಕೆಲ್ಲ ಹಾಕಿರಿ ಎಂದ ಹಾಗೆ.

ಇಷ್ಟರ ನಡುವೆ ಬೆಳೆದವನ ಗತಿ ಏನು? ಉಳುಮೆ, ಹಿಂಡಿ, ಕೂಲಿ, ಡಾಕ್ಟರನ ಸಂಬಳ, ಎಲ್ಲಕ್ಕೂ ಸಾಲ. ಸಾಲ ಕೊಟ್ಟವನು ಮಾಲಿನ ಬೆಲೆ ಹೇಳುತ್ತಿದ್ದ. ಇದೇ ಸೀಮೆಯಲ್ಲಿ ಪತಿಸರ್ ಎಂಬ ಊರಿದೆ, ಇಂದು ನೌಗಾಂವ್ ಜಿಲ್ಲೆಗೇ ಸೇರಿದ್ದು. ಅಲ್ಲಿ ಟಾಗೋರ್ ಮನೆತನದ ಜಮೀನ್ದಾರಿ ಕಚೇರಿ ಇತ್ತು. ರೈತರ ಸಾಲದ ಉರುಳನ್ನು ಕಣ್ಣಾರೆ ಕಂಡ ರವೀಂದ್ರನಾಥ ಟಾಗೋರರು 1905ರಲ್ಲಿ ಅಲ್ಲಿ ಕೃಷಿ ಬ್ಯಾಂಕ್ ತೆರೆದರು, ಮುಂದೆ ತಮ್ಮ ನೊಬೆಲ್ ಹಣವನ್ನೂ ಅದರಲ್ಲೇ ತೊಡಗಿಸಿದರು. ಗಾಂಜಾ ರೈತರಿಗೆ ಇಂಥ ಆಸರೆ ಬಂದದ್ದು 1917ರಲ್ಲಿ, ನೌಗಾಂವ್ ಗಾಂಜಾ ಬೆಳೆಗಾರರ ಸಹಕಾರಿ ಸಂಘದ ರೂಪದಲ್ಲಿ. ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಹುಟ್ಟಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಮಗೆ ಗಾಂಜಾ ಸಹಕಾರಿ ಎಂದರೆ ನಗು ಬರಬಹುದು. ಆದರೆ ಅದು ದಲ್ಲಾಳಿಗಳನ್ನು ಬದಿಗೆ ಸರಿಸಿ ಸದಸ್ಯರ ಮಾಲು ತಾನೇ ಕೊಂಡು ಮಾರಿತು. ಲಾಭದಲ್ಲಿ ಶಾಲೆ, ದವಾಖಾನೆ, ರಸ್ತೆ ಮಾಡಿಸಿತು. ಚಿಲುಮೆಯ ಹೊಗೆಯಿಂದ ಬಂದ ದುಡ್ಡಿನಲ್ಲಿ ಮಕ್ಕಳು ಅಕ್ಷರ ಕಲಿತರು.

1947ರಲ್ಲಿ ಗಡಿ ಬಿತ್ತು. ಕಲ್ಕತ್ತಾ ಭಾರತದಲ್ಲಿ ಉಳಿಯಿತು, ನೌಗಾಂವ್ ಪೂರ್ವ ಪಾಕಿಸ್ತಾನಕ್ಕೆ ಹೋಯಿತು. 1961ರಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತುಗಳ ಒಪ್ಪಂದ ಬಂತು. ಔಷಧ, ಸಂಶೋಧನೆ ಬಿಟ್ಟು ಬೇರೆ ಬಳಕೆಯನ್ನು ಒಪ್ಪಂದ ಜಾರಿಗೆ ಬಂದ 25 ವರ್ಷದೊಳಗೆ ನಿಲ್ಲಿಸಬೇಕೆಂಬ ಗಡುವು ಅದರಲ್ಲಿತ್ತು. ಜಾರಿಗೆ ಬಂದದ್ದು 1964ರಲ್ಲಿ. ಲೆಕ್ಕ ಹಾಕಿದರೆ ಗಡುವು 1989. ಬಾಂಗ್ಲಾದೇಶದಲ್ಲಿ ನೌಗಾಂವಿನ ಬೇಸಾಯ 1987ಕ್ಕೆ ನಿಂತಿತು. ಗಂಡು ಗಿಡ ಗುರುತಿಸುವ ಆ ಕಣ್ಣುಗಳಿಗೆ ಅದರೊಂದಿಗೆ ಕೆಲಸವೂ ಹೋಯಿತು.

ಭಾರತದಲ್ಲಿ 1985ರ ನವೆಂಬರ್ 14ರಂದು ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂತು. ಅದರಲ್ಲಿ ಗಾಂಜಾ ಎಂದರೆ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿಯಿಂದ ಬೇರೆಯಾದ ಬೀಜ ಮತ್ತು ಎಲೆ ಆ ಮಾತಿನೊಳಗೆ ಬರುವುದಿಲ್ಲ. ಹೋಳಿಯಲ್ಲಿ ದಿಲ್ಲಿಯ ಮಿತ್ರರು ಭಾಂಗ್ ಠಂಡಾಯಿ ಕುಡಿಯುವುದು, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಭಾಂಗ್ ಅಂಗಡಿಗಳಿಗೆ ಸರ್ಕಾರಿ ಪರವಾನಗಿ ಸಿಗುವುದು ಈ ಸಂದಿನಿಂದ. ನಮ್ಮ ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದದ ವಾಡಿಕೆ ಇರುವುದನ್ನು 2020ರಲ್ಲಿ ಪತ್ರಿಕೆಗಳು ಬರೆದಿದ್ದವು. 'ಭಂಗಿ ದೇವರಿಗೆ ಹೆಂಡಗುಡುಕ ಪೂಜಾರಿ' ಎಂಬ ಗಾದೆ ಹುಟ್ಟಿದ ನಾಡು ನಮ್ಮದು, ಈ ಸೊಪ್ಪು ನಮಗೆ ಪರದೇಶಿಯಲ್ಲ. ಆದರೆ ಗಿಡ ಬೆಳೆಸುವ ವಿಷಯದಲ್ಲಿ ಕಾಯ್ದೆಗೆ ಸಂದಿಲ್ಲ. ಪರವಾನಗಿ ಇಲ್ಲದೆ ಬೆಳೆಸಿದರೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಸಣ್ಣ ಪ್ರಮಾಣ, ದೊಡ್ಡ ಪ್ರಮಾಣ ಎಂಬ ತೂಕದ ವಿನಾಯಿತಿ ಗಿಡಕ್ಕೆ ಅನ್ವಯಿಸುವುದಿಲ್ಲ. ಮೆಕ್ಕೆಜೋಳದ ನಡುವೆ ನೂರು ಗಿಡ ಅಡಗಿಸಿ ಸಿಕ್ಕಿಬಿದ್ದವನಿಗೂ, ಹತ್ತನೇ ಮಹಡಿಯ ಬಾಲ್ಕನಿಯವನಿಗೂ ಒಂದೇ ಕಲಮು.

ಇದು ಸರಿಯೆ? ನನಗೆ ಹಾಗನ್ನಿಸುವುದಿಲ್ಲ. ಒಂದು ಕುಂಡಕ್ಕೂ ಒಂದು ಹೊಲಕ್ಕೂ ವ್ಯತ್ಯಾಸ ಕಾಣದ ಕಾನೂನು ದಡ್ಡ ಕಾನೂನು. ಉರುಗ್ವೆ 2013ರಲ್ಲಿ ಮನೆಗೆ ಆರು ಗಿಡ ಎಂದಿತು, ಕೆನಡಾ 2018ರಲ್ಲಿ ನಾಲ್ಕು, ಜರ್ಮನಿ 2024ರಲ್ಲಿ ವಯಸ್ಕನೊಬ್ಬನಿಗೆ ಮೂರು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತ್ಯಂತ ಅಪಾಯಕಾರಿ ಪಟ್ಟಿಯಿಂದ ತೆಗೆಯುವ ನಿರ್ಣಯಕ್ಕೆ 27 ಪರ, 25 ವಿರುದ್ಧ ಮತ ಹಾಕಿದಾಗ ಭಾರತ ಪರವಾಗಿಯೇ ನಿಂತಿತ್ತು. ಉತ್ತರಾಖಂಡ 2018ರಲ್ಲಿ ನಾರಿನ ತಳಿ ಬೆಳೆಯಲು ಪರವಾನಗಿ ಕೊಡತೊಡಗಿತು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಲು ಗಾಂಜಾ ಡಾಕ್ಟರ ಬೇಕಾಗಿಲ್ಲ. ಆದರೆ ಬೀಸುತ್ತಿರುವ ಗಾಳಿ ಇನ್ನೂ ನಮ್ಮ ಬಾಲ್ಕನಿಗೆ ತಲುಪಿಲ್ಲ. ತಲುಪುವ ಮುಂಚೆ ಪೊಲೀಸರು ತಲುಪಿದರೆ ಆ ಹುಡುಗನ ಪರೀಕ್ಷೆ, ಪಾಸ್‌ಪೋರ್ಟು, ಕೆಲಸ ಎಲ್ಲಕ್ಕೂ ಕಲ್ಲು ಬಿದ್ದ ಹಾಗೆ. ಅಲ್ಲದೆ ಎಳೆಯ ವಯಸ್ಸಿನಲ್ಲಿ ದಿನವೂ ಸೇದುವವರಿಗೆ ಮನಸ್ಸಿನ ಕಾಯಿಲೆಯ ಅಪಾಯ ಹೆಚ್ಚು ಎಂದು ಇಂದಿನ ವೈದ್ಯರು ಹೇಳುವುದನ್ನು 1894ರ ವರದಿ ತೋರಿಸಿ ತಳ್ಳಿಹಾಕಲಾಗುವುದಿಲ್ಲ. ಅಂದಿನ ಆಯೋಗದ ಮುಂದೆ ಇಂದಿನ ತೀಕ್ಷ್ಣ ತಳಿಗಳೂ ಇರಲಿಲ್ಲ.

ಆ ತಾಯಿಗೆ ಫೋನಿನಲ್ಲಿ ಇದರ ಕಾಲು ಭಾಗ ಹೇಳಿದ್ದೆ. ಹೆಣ್ಣು ಗಿಡ ಪರಾಗಕ್ಕಾಗಿ ಕಾಯುತ್ತ ಹೂವಿನ ಮೇಲೆ ಹೂ ಬಿಡುತ್ತದೆ ಎಂದಾಗ ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. "ಪಾಪ" ಎಂದರು. ಗಿಡಕ್ಕೋ, ಮಗನಿಗೋ, ತಿಳಿಯಲಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಫೋನ್ ಮಾಡಿದರು. ಕಿತ್ತುಹಾಕಿದ್ದರಂತೆ. ತಾವೇ ಅಲ್ಲ, ಮಗನ ಕೈಯಿಂದಲೇ ಕೀಳಿಸಿದರಂತೆ. "ಎರಡು ದಿನ ಊಟ ಬಿಟ್ಟಿದ್ದ್ರಿ. ನಿನ್ನೆ ರಾತ್ರಿ ಬಂದು, ಅವ್ವಾ ಆ ಊರಿನ ಡಾಕ್ಟರನ ಕಥಿ ಏನು ಅಂತ ಕೇಳಿದ. ನನಗ ಪೂರಾ ಬರೂದಿಲ್ಲ. ನೀವು ಬರದ ಕಳಸ್ರಿ, ಓದಿ ಹೇಳತೀನಿ."

ಖಾಲಿ ಕುಂಡಕ್ಕೆ ಈಗ ದೊಡ್ಡಪತ್ರೆ ಹಾಕಿದ್ದಾರಂತೆ. ತಂಬುಳಿಗೆ ಆಗುತ್ತದೆ. ತುದಿ ಚಿವುಟಿದಷ್ಟೂ ಅದೂ ದಟ್ಟವಾಗಿ ಬೆಳೆಯುತ್ತದೆ ಎಂದು ಹುಡುಗನಿಗೆ ಹೇಳಿರಿ ಅಂದೆ.